ಒಂಬತ್ತು ಕ್ಯಾನ್ ನೀರು, ಒಂದೂವರೆ ಕೆಜಿ ಉಪ್ಪು: ಕಿಡ್ನಿಯ ಕೊಳವೆಗಳು ಕೆಟ್ಟಾಗ

ಚಿಕ್ಕಮ್ಮನ ರಿಪೋರ್ಟ್ ಬಂದಾಗ ಮನೆಯಲ್ಲಿ ಯಾರಿಗೂ ತಲೆಬುಡ ಅರ್ಥವಾಗಲಿಲ್ಲ. ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ, ಕ್ರಿಯಾಟಿನಿನ್, 3.2. ಕೆಲವು ತಿಂಗಳ ಹಿಂದೆ ಅದೇ 0.9 ಇತ್ತು. ಅಂದರೆ ಕಿಡ್ನಿಗೆ ಏನೋ ಆಗಿದೆ, ಅದೂ ಸಣ್ಣದೇನಲ್ಲ. ಆದರೆ ಕಾಲು ಊದಿಲ್ಲ, ಮುಖ ಊದಿಲ್ಲ. ಬಿಪಿ ಸರಿಯಿದೆ. ಶುಗರ್ ಇಲ್ಲ. ಯೂರಿನ್ ಟೆಸ್ಟಿನಲ್ಲಿ ಪ್ರೋಟೀನ್ 'ಟ್ರೇಸ್', ಅಂದರೆ ಚೂರೇ ಚೂರು, ಅಷ್ಟೆ. ಕಿಡ್ನಿ ಕಾಯಿಲೆ ಅಂದರೆ ಮೂತ್ರದಲ್ಲಿ ನೊರೆ, ಕಾಲಲ್ಲಿ ಊತ ಅಂತಲೇ ನಾವೆಲ್ಲ ಕೇಳಿರುವುದು, ಅಲ್ವಾ? ಇಲ್ಲಿ ಅದ್ಯಾವುದೂ ಇಲ್ಲ. ಚಿಕ್ಕಮ್ಮ ಹೇಳುತ್ತಿದ್ದದ್ದು ಇಷ್ಟೇ: ಸುಸ್ತು, ಊಟ ಸೇರುವುದಿಲ್ಲ, ರಾತ್ರಿ ಮೂರು ಸಲ ಬಾತ್‌ರೂಮಿಗೆ ಎದ್ದು ಹೋಗಬೇಕು.

ಕಿಡ್ನಿ ಡಾಕ್ಟರು ಹಾಳೆ ತಿರುವಿ ಹಾಕಿ, "ಸೋಸುವ ಜಾಗ ಚೆನ್ನಾಗೇ ಇದೆ ಅನ್ಸುತ್ತೆ. ಅದರ ಮುಂದಿನ ಕೊಳವೆಯಲ್ಲಿ ತೊಂದರೆ ಇರಬಹುದು" ಅಂದರು. ಆ ಕೊಳವೆ ಯಾವುದು, ಅದಕ್ಕೆ ಏನೇನಾಗುತ್ತದೆ ಅಂತ ಅವತ್ತಿನಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಿಡ್ನಿ ಅಂದರೆ ಜರಡಿ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಮಾತ್ರ ನಿಜ. ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಪುಟ್ಟ ಜರಡಿಗಳಿವೆ. ಗ್ಲೋಮೆರುಲಸ್ ಅಂತ ಹೆಸರು. ರಕ್ತದಿಂದ ಅವು ದಿನಕ್ಕೆ ಸುಮಾರು 180 ಲೀಟರ್ ನೀರನ್ನು ಸೋಸಿ ಕೆಳಕ್ಕೆ ಬಿಡುತ್ತವೆ. ಮನೆಗೆ ತರಿಸುವ 20 ಲೀಟರ್ ಕ್ಯಾನಿನ ಲೆಕ್ಕದಲ್ಲಿ ಒಂಬತ್ತು ಕ್ಯಾನ್! ಅದರೊಳಗೆ ಕರಗಿರುವ ಉಪ್ಪೇ ಹತ್ತಿರ ಹತ್ತಿರ ಒಂದೂವರೆ ಕೆಜಿ. ಜತೆಗೆ ಸಕ್ಕರೆ, ಪೊಟ್ಯಾಷಿಯಂ, ಅಮೈನೋ ಆಮ್ಲ, ಎಲ್ಲ. ಇಷ್ಟೂ ಹಾಗೇ ಹೊರಗೆ ಹೋಗಿಬಿಟ್ಟರೆ ಮನುಷ್ಯ ಸಂಜೆಯವರೆಗೂ ಬದುಕುವುದಿಲ್ಲ.

ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್ ಮಾತ್ರ. ಮಿಕ್ಕಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುವುದು ಪ್ರತಿ ಜರಡಿಯ ಕೆಳಗೆ ಸುತ್ತಿ ಸುತ್ತಿ ಇಳಿಯುವ ಒಂದು ಸಣ್ಣ ಕೊಳವೆ. ಟ್ಯೂಬ್ಯೂಲ್ ಅಂದರೆ ಅದೇ. ಅದರ ಮೊದಲ ಭಾಗ ಮಹಾ ದುಡಿಮೆಗಾರ. ಸೋಸಿ ಬಂದ ನೀರು, ಉಪ್ಪಿನಲ್ಲಿ ಮೂರನೇ ಎರಡರಷ್ಟನ್ನೂ, ಸಕ್ಕರೆಯನ್ನು ಹೆಚ್ಚುಕಮ್ಮಿ ಪೂರ್ತಿಯಾಗಿಯೂ ಅಲ್ಲೇ ಎತ್ತಿಕೊಳ್ಳುತ್ತದೆ. ನಡುವಿನ ಭಾಗ ಕಿಡ್ನಿಯ ಆಳಕ್ಕಿಳಿದು ಮತ್ತೆ ಮೇಲೆ ಬರುತ್ತದೆ. ಮೂತ್ರ ಗಟ್ಟಿಯಾಗುವುದಕ್ಕೆ ಬೇಕಾದ ಏರ್ಪಾಡು ಅಲ್ಲಿದೆ. ಕೊನೆಯ ಭಾಗ ಪೊಟ್ಯಾಷಿಯಂ ಎಷ್ಟು, ಆಮ್ಲ ಎಷ್ಟು, ನೀರು ಎಷ್ಟು ಅಂತ ಲೆಕ್ಕ ಮುಗಿಸುತ್ತದೆ.

ಕೊಳವೆ ಕೊಳವೆಗಳ ನಡುವೆ ಸ್ವಲ್ಪ ಜಾಗವಿದೆ. ಗೋಡೆಯ ಇಟ್ಟಿಗೆಗಳ ನಡುವಿನ ಗಾರೆಯ ಹಾಗೆ. ಇದಕ್ಕೆ ಇಂಟರ್‌ಸ್ಟಿಷಿಯಂ ಅಂತಾರೆ. ಹೆಸರು ಬಾಯಿಗೆ ಬರದಿದ್ದರೆ ಬೇಡ, 'ನಡುವಿನ ಜಾಗ' ಅಂದುಕೊಳ್ಳೋಣ. ಸುಮ್ನೆ ಖಾಲಿ ಬಿದ್ದಿರುವ ಜಾಗ ಅಲ್ಲ ಅದು. ಅಲ್ಲಿ ಸಣ್ಣ ರಕ್ತನಾಳಗಳು ಓಡಾಡುತ್ತವೆ. ಎರಿತ್ರೊಪೊಯೆಟಿನ್ ಅನ್ನುವ ಹಾರ್ಮೋನನ್ನು ತಯಾರಿಸುವ ಜೀವಕಣಗಳೂ ಅಲ್ಲೇ ಇವೆ. ರಕ್ತ ಹುಟ್ಟಿಸು ಅಂತ ಮೂಳೆಯ ಮಜ್ಜೆಗೆ ಹೇಳಿ ಕಳಿಸುವುದು ಈ ಹಾರ್ಮೋನೇ. ಕೊಳವೆ ಕೆಟ್ಟರೆ ಈ ಜಾಗ ಕೆಡುತ್ತದೆ, ಈ ಜಾಗ ಕೆಟ್ಟರೆ ಕೊಳವೆ ಕೆಡುತ್ತದೆ. ಅದಕ್ಕೇ ಡಾಕ್ಟರುಗಳು ಎರಡನ್ನೂ ಸೇರಿಸಿ ಒಂದೇ ಹೆಸರಲ್ಲಿ ಕರೆಯುತ್ತಾರೆ: ಟ್ಯೂಬ್ಯುಲೋ-ಇಂಟರ್‌ಸ್ಟಿಷಿಯಲ್ ಕಾಯಿಲೆ.

ಈಗ ಚಿಕ್ಕಮ್ಮನ ಹಾಳೆಗೆ ಬನ್ನಿ. ಮೂತ್ರದಲ್ಲಿ ಪ್ರೋಟೀನ್ ಜಾಸ್ತಿ ಹೋಗುವುದು ಸಾಮಾನ್ಯವಾಗಿ ಜರಡಿ ಹರಿದಾಗ. ಜರಡಿ ಗಟ್ಟಿಯಾಗಿದ್ದು ಕೊಳವೆ ಮಾತ್ರ ಕೆಟ್ಟಿದ್ದರೆ ಹೋಗುವ ಪ್ರೋಟೀನ್ ಕಡಿಮೆ. ಹೋದರೂ ಅದು ಬೇರೆ ಜಾತಿಯ ಸಣ್ಣ ಪ್ರೋಟೀನ್. ಲ್ಯಾಬಿನಲ್ಲಿ ಮೂತ್ರಕ್ಕೆ ಅದ್ದುವ ಬಣ್ಣದ ಪಟ್ಟಿ ಹಿಡಿಯುವುದು ಮುಖ್ಯವಾಗಿ ದೊಡ್ಡ ಪ್ರೋಟೀನಾದ ಅಲ್ಬುಮಿನ್‌ ಅನ್ನು. ಈ ಸಣ್ಣ ಪ್ರೋಟೀನ್ ಅದರ ಕಣ್ಣಿಗೆ ಬೀಳುವುದಿಲ್ಲ. ಪ್ರೋಟೀನ್ ಹೋಗದಿದ್ದರೆ ಊತವೂ ಇಲ್ಲ. ಆದರೆ ಮೂತ್ರ ಗಟ್ಟಿ ಮಾಡುವ ಶಕ್ತಿ ಹೋಗಿದೆ, ಹಾಗಾಗಿ ರಾತ್ರಿ ಮೂರು ಸಲ ಏಳಬೇಕು. ರಿಪೋರ್ಟಿನಲ್ಲಿ 'ಸ್ಪೆಸಿಫಿಕ್ ಗ್ರಾವಿಟಿ' ಅಂತ ಯಾರೂ ಓದದ ಒಂದು ಸಾಲಿರುತ್ತದೆ, ಮೂತ್ರ ಎಷ್ಟು ಗಟ್ಟಿ ಅನ್ನುವುದರ ಅಳತೆ. ಚಿಕ್ಕಮ್ಮನದು 1.010. ರಾತ್ರಿಯೆಲ್ಲ ನೀರು ಕುಡಿಯದೆ ಮಲಗಿ ಬೆಳಿಗ್ಗೆ ಮೊದಲು ಕೊಟ್ಟ ಮೂತ್ರ ಅದು. ಸರಿಯಿರುವ ಕಿಡ್ನಿಯಾಗಿದ್ದರೆ ಆ ಹೊತ್ತಿಗೆ 1.020ರ ಆಚೀಚೆ ಇರಬೇಕಿತ್ತು. ಉತ್ತರ ಹಾಳೆಯಲ್ಲೇ ಇತ್ತು, ಪಕ್ಕದಲ್ಲಿ ಕೆಂಪು ಗುರುತು ಇರಲಿಲ್ಲ ಅಷ್ಟೆ.

ಇನ್ನು, ಕೊಳವೆಗೇ ಯಾಕೆ ಇಷ್ಟು ಏಟು? ಅದು ಮಾಡುವ ಕೆಲಸವೇ ಹಾಗಿದೆ. ಎರಡೂ ಕಿಡ್ನಿ ಸೇರಿದರೆ ಸುಮಾರು 300 ಗ್ರಾಂ ತೂಕ. ಆದರೆ ಹೃದಯ ಪಂಪ್ ಮಾಡುವ ರಕ್ತದಲ್ಲಿ ಐದನೇ ಒಂದು ಪಾಲು ಅವಕ್ಕೇ ಹೋಗುತ್ತದೆ. ಹಾಗಾಗಿ ರಕ್ತಕ್ಕೆ ಸೇರಿದ್ದೆಲ್ಲ ಅಲ್ಲಿಗೆ ಬಂದೇ ಬರುತ್ತದೆ. ಮೇಲಾಗಿ ಕೊಳವೆ ನೀರನ್ನು ವಾಪಸ್ ಎಳೆದುಕೊಂಡಂತೆಲ್ಲ ಉಳಿದದ್ದು ಗಟ್ಟಿಯಾಗುತ್ತಾ ಹೋಗುತ್ತದೆ. ಸಾರು ಕುದ್ದು ಕುದ್ದು ತಳಕ್ಕೆ ಬಂದಾಗ ಉಪ್ಪು ಖಾರ ಏರುತ್ತಲ್ಲ, ಹಾಗೆ. ರಕ್ತದಲ್ಲಿ ಚೂರೇ ಚೂರು ಇದ್ದ ವಿಷ ಕೊಳವೆಯ ಕೊನೆಗೆ ಬರುವಷ್ಟರಲ್ಲಿ ಹತ್ತಾರು ಪಟ್ಟು ಆಗಿರುತ್ತದೆ. ಕಿಡ್ನಿಯ ಆಳದ ಭಾಗದಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಕೆಲಸ ಜಾಸ್ತಿ, ಉಸಿರು ಕಡಿಮೆ.

ಈ ಕಾಯಿಲೆಯಲ್ಲಿ ಮೂರು ಬಗೆ. ಮೊದಲನೆಯದು, ಉಸಿರೇ ಸಿಗದಿದ್ದಾಗ ಆಗುವ ಕೊಳವೆಯ ಜೀವಕಣಗಳ ಸಾವು. ವಾಂತಿ ಭೇದಿಯಾಗಿ ನೀರೆಲ್ಲ ಹೋಗಿಬಿಟ್ಟಾಗ, ಹೆರಿಗೆಯಲ್ಲಿ ರಕ್ತ ಸುರಿದಾಗ, ಸೋಂಕು ರಕ್ತಕ್ಕೇರಿ ಬಿಪಿ ಬಿದ್ದಾಗ, ಕೊಳಕುಮಂಡಲ ಹಾವು ಕಚ್ಚಿದಾಗ. ಸತ್ತ ಕಣಗಳು ಕಳಚಿ ಬಿದ್ದು ಕೊಳವೆಯನ್ನೇ ಮುಚ್ಚುತ್ತವೆ. ಮೂತ್ರ ಕಡಿಮೆಯಾಗುತ್ತದೆ, ಕೆಲವರಿಗೆ ನಿಂತೇ ಹೋಗುತ್ತದೆ. ಆ ಮೂತ್ರದ ಒಂದು ಹನಿಯನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕೆಸರು ಬಣ್ಣದ, ಕೊಳವೆಯ ಅಚ್ಚಿನಲ್ಲೇ ಎರಕ ಹೊಯ್ದಂಥ ತುಂಡುಗಳು ಕಾಣುತ್ತವೆ. ಕೇಳುವುದಕ್ಕೆ ಭಯವಾಗುತ್ತದೆ, ಆದರೆ ಈ ಗುಂಪಿನಲ್ಲಿ ಎಷ್ಟೋ ಸಲ ಪೂರ್ತಿ ವಾಸಿಯಾಗುವುದೂ ಇದೇ. ಕೊಳವೆಯ ಹೊರಗೋಡೆ ಉಳಿದಿದ್ದರೆ ಬದುಕಿರುವ ಕಣಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ ಒಳಮೈಯನ್ನು ಮತ್ತೆ ಹೊದಿಸುತ್ತವೆ. ಒಂದರಿಂದ ಮೂರು ವಾರ ಬೇಕು. ಅಷ್ಟು ದಿನ ಕೆಲವರಿಗೆ ಡಯಾಲಿಸಿಸ್ ಮಾಡಿ ಕಾಯುತ್ತಾರೆ. ಡಯಾಲಿಸಿಸ್ ಅಂದ ಕೂಡಲೇ 'ಇನ್ನು ಜೀವನಪೂರ್ತಿ' ಅಂತ ಅಳುವವರನ್ನು ನೋಡಿದ್ದೇನೆ. ಇಂಥ ಕೇಸಿನಲ್ಲಿ ಎಷ್ಟೋ ಜನರಿಗೆ ಹಾಗಿಲ್ಲ.

ವಿಷದಿಂದ ಆಗುವುದೂ ಇದೇ ಥರ. ಜೆಂಟಾಮೈಸಿನ್, ಅಮಿಕಾಸಿನ್ ಅನ್ನುವ ಆ್ಯಂಟಿಬಯಾಟಿಕ್ ಇಂಜೆಕ್ಷನ್‌ಗಳನ್ನು ಕೊಳವೆಯ ಮೊದಲ ಭಾಗ ಆಹಾರ ಎಂಬಂತೆ ಒಳಗೆ ಎಳೆದುಕೊಂಡು ಕೂಡಿಟ್ಟುಕೊಳ್ಳುತ್ತದೆ. ಐದಾರು ದಿನ ಕಳೆದ ಮೇಲೆ ಕ್ರಿಯಾಟಿನಿನ್ ಏರುತ್ತದೆ. ಆಸ್ಪತ್ರೆಯಲ್ಲಿ ಈ ಔಷಧಿ ಕೊಡುವಾಗ ಎರಡು ಮೂರು ದಿನಕ್ಕೊಮ್ಮೆ ರಕ್ತ ತೆಗೆಯುವುದು ಬಿಲ್ ಏರಿಸಲಿಕ್ಕೆ ಅಲ್ಲ, ಇದಕ್ಕೆ.

ಇದಕ್ಕಿಂತ ಕ್ರೂರವಾದದ್ದು ಡೈಎಥಿಲೀನ್ ಗ್ಲೈಕಾಲ್. ಸಿಹಿಯಾದ, ಬಣ್ಣವಿಲ್ಲದ, ನೋಡಲು ಗ್ಲಿಸರಿನ್ನಿನಂಥ ಕೈಗಾರಿಕೆಯ ದ್ರವ. 1937ರಲ್ಲಿ ಅಮೆರಿಕದಲ್ಲಿ ಒಂದು ಸಲ್ಫಾ ಔಷಧಿಯನ್ನು ಇದರಲ್ಲಿ ಕರಗಿಸಿ ಮಾರಿದರು. ನೂರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಬಹಳ. 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಇದು ಬೆರೆತ ಗ್ಲಿಸರಿನ್‌ನಿಂದ 14 ಜನ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು. ಲಿವರ್ ಈ ದ್ರವವನ್ನು ಒಂದು ಆಮ್ಲವಾಗಿ ಬದಲಿಸುತ್ತದೆ, ಆ ಆಮ್ಲ ಕೊಳವೆಯ ಮೊದಲ ಭಾಗವನ್ನು ಕೊಲ್ಲುತ್ತದೆ. ಮಗುವಿಗೆ ಮೊದಲು ವಾಂತಿ, ಆಮೇಲೆ ಮೂತ್ರ ಬಂದ್. ಮಕ್ಕಳಿಗೆ ಸಿರಪ್ ಕೊಟ್ಟ ಮೇಲೆ ಅರ್ಧ ದಿನ ಮೂತ್ರ ಆಗದಿದ್ದರೆ ನಾಳೆ ನೋಡೋಣ ಅನ್ನಬಾರದು. ಎಂಬತ್ತೆಂಟು ವರ್ಷಗಳ ಅಂತರದಲ್ಲಿ ಅದೇ ವಿಷ, ಅದೇ ತಪ್ಪು. ಓದುವಾಗ ಸಿಟ್ಟು ಬರುತ್ತದೆ.

ಎರಡನೆಯ ಬಗೆಯಲ್ಲಿ ವಿಷದ ಪ್ರಶ್ನೆಯೇ ಇಲ್ಲ, ಅದು ಅಲರ್ಜಿ. ಔಷಧಿಗೆ ಮೈಮೇಲೆ ದದ್ದು ಏಳುವುದಿಲ್ಲವೇ, ಹಾಗೆ ಕಿಡ್ನಿಯ ಆ ನಡುವಿನ ಜಾಗದಲ್ಲಿ ದದ್ದು ಎದ್ದ ಹಾಗೆ ಅಂದುಕೊಳ್ಳಿ. ಬಿಳಿ ರಕ್ತಕಣಗಳು ಅಲ್ಲಿ ಮುಗಿಬೀಳುತ್ತವೆ. ಜಾಗ ಊದುತ್ತದೆ, ಕೊಳವೆಗಳು ನಲುಗುತ್ತವೆ. ಆ್ಯಂಟಿಬಯಾಟಿಕ್ ಬರುವುದಕ್ಕೆ ಮುಂಚೆ, 1898ರಲ್ಲೇ, ಕೌನ್ಸಿಲ್‌ಮನ್ ಅನ್ನುವ ಅಮೆರಿಕದ ವೈದ್ಯ ಇದನ್ನು ಡಿಫ್ತೀರಿಯಾ ಮತ್ತು ಸ್ಕಾರ್ಲೆಟ್ ಜ್ವರದಿಂದ ಸತ್ತ ಮಕ್ಕಳ ಕಿಡ್ನಿಯಲ್ಲಿ ಕಂಡಿದ್ದರು. ಆಗ ಕಾರಣ ಸೋಂಕು. ಈಗ ಹೆಚ್ಚಿನ ಕೇಸಿನಲ್ಲಿ ಕಾರಣ ಮಾತ್ರೆ: ಪೆನ್ಸಿಲಿನ್ ಜಾತಿಯವು, ಸಲ್ಫಾ, ರಿಫಾಂಪಿಸಿನ್, ನೋವಿನ ಮಾತ್ರೆಗಳು, ಮತ್ತೆ ನಮ್ಮ ಪ್ರೀತಿಯ 'ಗ್ಯಾಸ್ ಮಾತ್ರೆ', ಅಂದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್.

ಹಳೆಯ ಪುಸ್ತಕಗಳಲ್ಲಿ ಜ್ವರ, ದದ್ದು, ರಕ್ತದಲ್ಲಿ ಇಯೋಸಿನೊಫಿಲ್ ಅನ್ನುವ ಬಿಳಿ ಕಣಗಳ ಏರಿಕೆ, ಈ ಮೂರೂ ಇರುತ್ತವೆ ಅಂತ ಬರೆದಿರುತ್ತಾರೆ. ಮೂರೂ ಒಟ್ಟಿಗೆ ಸಿಗುವುದು ಹತ್ತರಲ್ಲಿ ಒಬ್ಬರಿಗೆ. ನೋವಿನ ಮಾತ್ರೆ, ಗ್ಯಾಸ್ ಮಾತ್ರೆಯಿಂದ ಬಂದಿದ್ದರಂತೂ ಎಷ್ಟೋ ಸಲ ಸುಸ್ತು ಬಿಟ್ಟರೆ ಏನೂ ಇಲ್ಲ.

ಡಾಕ್ಟರು ಚಿಕ್ಕಮ್ಮನನ್ನು ಕೇಳಿದರು: "ಏನು ಮಾತ್ರೆ ತಗೋತೀರಮ್ಮಾ?"

"ಏನೂ ಇಲ್ಲ ಸಾರ್."

"ಮಂಡಿ ನೋವಿಗೆ?"

"ಅದು ಯಾವಾಗ್ಲಾದ್ರೂ ಒಂದು. ಮೆಡಿಕಲ್‌ನವ್ರು ಕೊಡ್ತಾರೆ. ಹೊಟ್ಟೆ ಉರಿಬಾರ್ದು ಅಂತ ಜೊತೆಗೆ ಬೆಳಿಗ್ಗೆ ಒಂದು ಗ್ಯಾಸಿಂದು. ಅದು ಮಾತ್ರೆ ಲೆಕ್ಕನಾ?"

ಆ ಗ್ಯಾಸಿಂದು ಒಂದು ವರ್ಷದಿಂದ ದಿನಾ ನಡೆದಿತ್ತು. ಹೀಗೆಂದು ಯಾರೂ ನಾಳೆಯೇ ಗ್ಯಾಸ್ ಮಾತ್ರೆ ಬಿಸಾಡಬೇಕಿಲ್ಲ. ಅದರಿಂದ ಕಿಡ್ನಿ ಕೆಡುವವರು ತೀರಾ ಕಮ್ಮಿ, ಅದು ನಿಜವಾಗಿ ಬೇಕಾದವರೂ ಬಹಳ ಜನ. ತಕರಾರು ಇರುವುದು ಯಾರೂ ಹೇಳದೆ, ಯಾರೂ ನಿಲ್ಲಿಸದೆ ವರ್ಷಗಟ್ಟಲೆ ನಡೆಯುವ ಮಾತ್ರೆಯ ಬಗ್ಗೆ. ನೋವಿನ ಮಾತ್ರೆಗೆ ಇನ್ನೊಂದು ಕೆಟ್ಟ ಗುಣವೂ ಇದೆ. ಕಿಡ್ನಿಗೆ ರಕ್ತ ಕಮ್ಮಿಯಾದಾಗ ಒಳಗಿನ ರಕ್ತನಾಳವನ್ನು ತೆರೆದಿಡುವ ರಾಸಾಯನಿಕವನ್ನೇ ಅದು ತಡೆದುಬಿಡುತ್ತದೆ. ಬಿಪಿಗೆ ಟೆಲ್ಮಿಸಾರ್ಟನ್ ಥರದ್ದು, ಜತೆಗೆ ಮೂತ್ರ ಹೋಗುವ ಮಾತ್ರೆ, ಅದರ ಮೇಲೆ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ. ಮೂರೂ ಸೇರಿದ ದಿನ ಭೇದಿಯೂ ಹತ್ತಿಕೊಂಡರೆ ಕಿಡ್ನಿ ಕುಸಿಯುವ ಅಪಾಯ ಬಹಳ.

ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಗದ್ದೆ ತೋಟಗಳಲ್ಲಿ ಕೆಲಸ ಮಾಡುವವರಿಗೆ ಗೊತ್ತಿರುವ ಇಲಿಜ್ವರವೂ ಈ ನಡುವಿನ ಜಾಗದ ಕಾಯಿಲೆಯೇ. ವಿಚಿತ್ರ ನೋಡಿ, ಆ ರೋಗಾಣು ಇಲಿಯ ಕಿಡ್ನಿಯ ಕೊಳವೆಯಲ್ಲೇ ಮನೆ ಮಾಡಿಕೊಂಡಿರುತ್ತದೆ. ಇಲಿಗೆ ಏನೂ ಆಗುವುದಿಲ್ಲ. ಅದರ ಮೂತ್ರ ಗದ್ದೆಯ ನೀರಿಗೆ ಸೇರಿ, ಕಾಲಿನ ಗಾಯದಿಂದ ನಮ್ಮೊಳಗೆ ಬಂದು, ಮತ್ತೆ ಅದೇ ಕೊಳವೆಯನ್ನು ಹುಡುಕಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಕಿಡ್ನಿ ಸೋತರೆ ಪೊಟ್ಯಾಷಿಯಂ ಏರಬೇಕು. ಇಲಿಜ್ವರದಲ್ಲಿ ಎಷ್ಟೋ ಸಲ ಇಳಿದಿರುತ್ತದೆ, ಏಕೆಂದರೆ ಕೆಟ್ಟ ಕೊಳವೆ ಅದನ್ನು ಹಿಡಿದಿಡಲಾರದೆ ಸೋರಿಸುತ್ತದೆ.

ಮೂರನೆಯದು ನಿಧಾನವಾಗಿ, ವರ್ಷಗಳ ಕಾಲ ನಡೆಯುವ ಹಾಳು. ಊತದ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ, ಕೊಳವೆಗಳು ಒಣಗುತ್ತವೆ, ಕಿಡ್ನಿ ಚಿಕ್ಕದಾಗುತ್ತದೆ. ಇದರಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಬಾಲ್ಕನ್ ದೇಶಗಳ ಕತೆ.

ಬಲ್ಗೇರಿಯಾ, ಸರ್ಬಿಯಾ, ಕ್ರೊಯೇಷಿಯಾ, ಬೋಸ್ನಿಯಾ, ರೊಮೇನಿಯಾಗಳಲ್ಲಿ ಡ್ಯಾನ್ಯೂಬ್‌ನ ಉಪನದಿಗಳ ದಂಡೆಯ ಹಳ್ಳಿಗಳಲ್ಲಿ ರೈತರ ಕಿಡ್ನಿ ಸದ್ದಿಲ್ಲದೆ ಸಾಯುತ್ತಿದೆ ಅಂತ 1950ರ ದಶಕದಲ್ಲಿ ವೈದ್ಯರು ಬರೆದರು. ಊತವಿಲ್ಲ, ಮೊದಲು ಬಿಪಿಯೂ ಇಲ್ಲ, ರಕ್ತಹೀನತೆ ಮಾತ್ರ ಜೋರು. ಒಂದು ಹಳ್ಳಿಯಲ್ಲಿ ಇದೆ, ಪಕ್ಕದ ಹಳ್ಳಿಯಲ್ಲಿ ಇಲ್ಲ. ಒಂದು ಮನೆಯಲ್ಲಿ ಇದೆ, ಆಚೆ ಮನೆಯಲ್ಲಿ ಇಲ್ಲ. ವಂಶದಿಂದ ಬಂದದ್ದು ಅನ್ನೋಣ ಅಂದರೆ, ಬೇರೆ ಊರಿಂದ ಬಂದ ಸೊಸೆಗೂ ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಬರುತ್ತಿತ್ತು. ಬಾವಿ ನೀರು, ಕಲ್ಲಿದ್ದಲು, ಧಾನ್ಯದ ಬೂಷ್ಟು, ವೈರಸ್, ಎಲ್ಲವನ್ನೂ ಅನುಮಾನಿಸಿದರು. ಗೋಧಿ ಹೊಲದಲ್ಲಿ ಬೆಳೆಯುವ ಅರಿಸ್ಟೊಲೋಕಿಯಾ ಅನ್ನುವ ಕಳೆಯ ಬೀಜ ಹಿಟ್ಟಿಗೆ ಸೇರುತ್ತಿರಬಹುದು ಅಂತ 1969ರ ಸುಮಾರಿಗೇ ಒಬ್ಬ ಸಂಶೋಧಕ ಹೇಳಿದ್ದರು. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ.

ಸುಳಿವು ಸಿಕ್ಕಿದ್ದು ಇನ್ನೆಲ್ಲೋ. 1990ರ ದಶಕದ ಮೊದಲಲ್ಲಿ ಬ್ರಸೆಲ್ಸ್‌ನಲ್ಲಿ ಸಣ್ಣ ವಯಸ್ಸಿನ ಹೆಂಗಸರ ಕಿಡ್ನಿ ಒಂದರ ಹಿಂದೆ ಒಂದು ಕೆಡತೊಡಗಿತು. ಎಲ್ಲರೂ ತೆಳ್ಳಗಾಗಲು ಒಂದೇ ಕಡೆ ಮಾತ್ರೆ ತೆಗೆದುಕೊಂಡವರು. ಆ ಮಾತ್ರೆಯಲ್ಲಿದ್ದ ಚೀನಾದ ಗಿಡಮೂಲಿಕೆಯ ಬದಲಿಗೆ, ಹತ್ತಿರ ಹತ್ತಿರ ಅದೇ ಹೆಸರಿನ ಇನ್ನೊಂದು ಬೇರು ಬಂದುಬಿಟ್ಟಿತ್ತು. ಅದೂ ಅರಿಸ್ಟೊಲೋಕಿಯಾ. ನೂರಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ಕೆಲಸ ನಿಂತ ಕಿಡ್ನಿಗಳನ್ನು ಮುಂಜಾಗ್ರತೆಗೆ ತೆಗೆಸಿಕೊಂಡ 39 ಜನರಲ್ಲಿ 18 ಜನರ ಮೂತ್ರನಾಳದ ದಾರಿಯಲ್ಲಿ ಕ್ಯಾನ್ಸರ್ ಇತ್ತು ಅಂತ 2000ದಲ್ಲಿ ವರದಿಯಾಯಿತು. ಬ್ರಸೆಲ್ಸ್‌ನ ಈ ಕಿಡ್ನಿ ಬಾಲ್ಕನ್ ರೈತರ ಕಿಡ್ನಿಯಂತೆಯೇ ಕಾಣುತ್ತದಲ್ಲ ಅಂತ ಆಗ ಹೊಳೆಯಿತು. 2007ರಲ್ಲಿ ಬಾಲ್ಕನ್ ರೋಗಿಗಳ ಕಿಡ್ನಿಯ ಡಿಎನ್‌ಎಗೆ ಅಂಟಿಕೊಂಡಿದ್ದ ಅರಿಸ್ಟೊಲೋಕಿಕ್ ಆಮ್ಲದ ಗುರುತು ಸಿಕ್ಕಿತು. ಅಪರಾಧಿ ಐವತ್ತು ವರ್ಷದಿಂದ ಅವರ ರೊಟ್ಟಿಯಲ್ಲೇ ಕೂತಿತ್ತು.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಬೇಲಿಗಳಲ್ಲಿ, ಕಾಡಂಚಿನಲ್ಲಿ ಬೆಳೆಯುವ ಈಶ್ವರಿ ಬಳ್ಳಿ ಇದೇ ಕುಲದ್ದು, ಅರಿಸ್ಟೊಲೋಕಿಯಾ ಇಂಡಿಕಾ. ಹಾವು ಕಚ್ಚಿದ್ದಕ್ಕೆ, ಜ್ವರಕ್ಕೆ ಅದರ ಬೇರು ತೇದು ಕುಡಿಸುವ ಪದ್ಧತಿ ಹಳೆಯದು. ಅದರಲ್ಲೂ ಇದೇ ಆಮ್ಲ ಇದೆ. ಕರ್ನಾಟಕದ ರಾಜ್ಯ ಚಿಟ್ಟೆ, ಹಳದಿ ಕಪ್ಪು ರೆಕ್ಕೆಯ ಆ ದೊಡ್ಡ ಬರ್ಡ್‌ವಿಂಗ್, ಮರಿಹುಳುವಾಗಿದ್ದಾಗ ಈ ಬಳ್ಳಿಯ ಎಲೆಯನ್ನೇ ತಿಂದು ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತದೆ, ಹಕ್ಕಿಗಳು ಮುಟ್ಟದಿರಲಿ ಅಂತ. ಬಳ್ಳಿ ಚಿಟ್ಟೆಗಿರಲಿ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಒಯ್ಯುವುದು ಬಿಟ್ಟು ಆ ಬೇರು ಕುಡಿಸಿದರೆ, ಹಾವಿನಿಂದ ಏಟು ತಿಂದ ಕೊಳವೆಗೆ ಮತ್ತೊಂದು ಏಟು ಕೊಟ್ಟ ಹಾಗೆ.

'ನ್ಯಾಚುರಲ್' ಅನ್ನುವ ಮಾತಿಗೆ ಕಿಡ್ನಿ ಮರುಳಾಗುವುದಿಲ್ಲ. ಧಾರೆಹುಳಿ, ಬಿಂಬುಳಿ ಗೊತ್ತಲ್ಲ? ಉಪ್ಪಿನಕಾಯಿಗೆ, ಸಾರಿಗೆ ಒಂದೆರಡು ಹಾಕಿದರೆ ಆರೋಗ್ಯವಂತರಿಗೆ ಏನೂ ಇಲ್ಲ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆ ಅಂತ ಬಿಂಬುಳಿ ಹಿಂಡಿ ಲೋಟಗಟ್ಟಲೆ ಗಟ್ಟಿ ರಸ ಕುಡಿದವರ ಕಿಡ್ನಿ ಕೆಲವೇ ದಿನಗಳಲ್ಲಿ ಕೆಟ್ಟ ಕೇಸುಗಳು ಪಕ್ಕದ ಕೇರಳದಿಂದ ವರದಿಯಾಗಿವೆ. ಆ ಹುಳಿ ಆಕ್ಸಲೇಟ್. ಕೊಳವೆಯಲ್ಲಿ ಗಟ್ಟಿಯಾಗಿ ಗಾಜಿನ ಚೂರಿನಂಥ ಹರಳಾಗಿ ನಿಲ್ಲುತ್ತದೆ. ಮೊದಲೇ ಕಿಡ್ನಿ ಸೋತವರಂತೂ ಧಾರೆಹುಳಿಯನ್ನು ಮುಟ್ಟಲೇಬಾರದು. ಅದರಲ್ಲಿರುವ ಇನ್ನೊಂದು ವಿಷ ಹೊರಹೋಗದೆ ಮೆದುಳಿಗೇರುತ್ತದೆ. ನಿಲ್ಲದ ಬಿಕ್ಕಳಿಕೆ ಅದರ ಮೊದಲ ಲಕ್ಷಣ.

ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲಿ, ಶ್ರೀಲಂಕಾದ ಭತ್ತದ ಬಯಲಿನಲ್ಲಿ, ನಿಕರಾಗುವಾ, ಎಲ್ ಸಾಲ್ವಡಾರ್‌ಗಳ ಕಬ್ಬಿನ ಗದ್ದೆಗಳಲ್ಲಿ ಇಂಥದೇ ಸದ್ದಿಲ್ಲದ ಕಾಯಿಲೆ ಇವತ್ತೂ ಇದೆ. ಶುಗರ್ ಇಲ್ಲದ, ಬಿಪಿ ಇಲ್ಲದ ದುಡಿಯುವ ಜನ. ಬಿಸಿಲಿನ ಕೆಲಸ, ನೀರು ಸಾಲದಿರುವುದು, ಕೀಟನಾಶಕ, ಅಂತರ್ಜಲ, ಹೀಗೆ ಅನುಮಾನದ ಪಟ್ಟಿ ಉದ್ದವಿದೆ, ತೀರ್ಪು ಬಂದಿಲ್ಲ. ತೆಂಗು, ಗೋಡಂಬಿ ತೋಟಗಳ ನಡುವಿನ ಉದ್ದಾನಂನ ಜನರಿಗೆ ಹತ್ತಿರದ ಪಲಾಸದಲ್ಲಿ 2023ರ ಕೊನೆಗೆ 200 ಹಾಸಿಗೆಯ ಕಿಡ್ನಿ ಆಸ್ಪತ್ರೆ ತೆರೆದಿದೆ.

ಪತ್ತೆ ಮಾಡುವುದು ಹೇಗೆ? ಕ್ರಿಯಾಟಿನಿನ್ ಬೇಕು, ಆದರೆ ಅದು ಏಳುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಶಕ್ತಿ ಹೋಗಿರಬಹುದು. ಅದರ ಜತೆ ಹಿಮೋಗ್ಲೋಬಿನ್, ಪೊಟ್ಯಾಷಿಯಂ, ಬೈಕಾರ್ಬನೇಟ್ ನೋಡುತ್ತಾರೆ. ಮೂತ್ರದಲ್ಲಿ ಕೀವುಕಣ ಇದ್ದು, ರೋಗಾಣು ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ ಅದೂ ಸುಳಿವು. ರಕ್ತದಲ್ಲಿ ಶುಗರ್ ಸರಿಯಿದ್ದು ಮೂತ್ರದಲ್ಲಿ ಸಕ್ಕರೆ ಬರುತ್ತಿದ್ದರೆ ಕೊಳವೆಯ ಮೊದಲ ಭಾಗದ ಮೇಲೆ ಅನುಮಾನ. ಡಪಾಗ್ಲಿಫ್ಲೊಜಿನ್ ಥರದ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದಕ್ಕೆ ಹೆದರಬೇಕಿಲ್ಲ. ಸಕ್ಕರೆ ವಾಪಸ್ ಎತ್ತಿಕೊಳ್ಳುವ ಆ ಬಾಗಿಲನ್ನೇ ಅದು ಬೇಕೆಂದೇ ಮುಚ್ಚುತ್ತದೆ. ಕೊಳವೆಯ ಜ್ಞಾನ ಔಷಧಿಯಾಗಿದ್ದು ಹೀಗೆ.

ಖಾತ್ರಿ ಆಗುವುದು ಬಯಾಪ್ಸಿಯಲ್ಲಿ. ಚಿಕ್ಕಮ್ಮನನ್ನು ಬೋರಲಾಗಿ ಮಲಗಿಸಿ, ಸೊಂಟದ ಮೇಲೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದ ಶಾವಿಗೆ ಎಳೆಯಷ್ಟು ತುಂಡು ತೆಗೆದರು. "ಸ್ಟೇಪ್ಲರ್ ಸದ್ದು ಬಂತು, ಅಷ್ಟೇ" ಅಂದರು ಅವರು. ರಿಪೋರ್ಟಿನಲ್ಲಿ ಜರಡಿಗಳೆಲ್ಲ ಸರಿಯಿದ್ದವು. ನಡುವಿನ ಜಾಗ ಮಾತ್ರ ಬಿಳಿ ಕಣಗಳಿಂದ ಗಿಜಿಗಿಜಿ. ನಾರು ಇನ್ನೂ ಸ್ವಲ್ಪವೇ ಬೆಳೆದಿತ್ತು. ನಾರು ಬೆಳೆದ ಮೇಲೆ ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಎಷ್ಟು ಬೇಗ ಮಾತ್ರೆ ನಿಲ್ಲಿಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಎರಡೂ ಮಾತ್ರೆ ನಿಲ್ಲಿಸಿ, ಕೆಲವು ವಾರ ಸ್ಟೀರಾಯ್ಡ್ ಕೊಟ್ಟು ಇಳಿಸುತ್ತಾ ಬಂದರು.

ಈಗ ಕ್ರಿಯಾಟಿನಿನ್ 1.4ರಲ್ಲಿ ನಿಂತಿದೆ. ಹಳೆಯ 0.9ಕ್ಕೆ ಹೋಗಲಿಲ್ಲ. ಮಂಡಿ ನೋವಿಗೆ ಬಿಸಿನೀರಿನ ಶಾಖ, ತೀರಾ ತಡೆಯದಿದ್ದರೆ ಡಾಕ್ಟರು ಹೇಳಿದಷ್ಟು ಪ್ಯಾರಸಿಟಮಾಲ್. ರಾತ್ರಿ ಇನ್ನೂ ಒಂದು ಸಲ ಏಳುತ್ತಾರೆ.